ಕಳೆದುಹೋದದ್ದಕ್ಕೆ ಕಾಯದ ಜಾಣ್ಮೆ

1999ರಲ್ಲಿ ಬಂದ ಕ್ವೇಕ್ 3 ಅರೀನಾ ಆಟದಲ್ಲಿ ನನಗೆ ಬಹಳ ಇಷ್ಟವಾಗುವುದು ಪರದೆಯ ಮೇಲೆ ಕಾಣದ ಭಾಗ. ಸರ್ವರ್ ಮತ್ತು ಆಟಗಾರರ ನಡುವೆ ಓಡಾಡುವ ಮಾಹಿತಿಯ ಪ್ಯಾಕೆಟ್‌ಗಳ ಏರ್ಪಾಡು ಅದು.

ಅದು ಮೋಡೆಮ್‌ಗಳ ಕಾಲ. ಪ್ಯಾಕೆಟ್‌ಗಳು ದಾರಿಯಲ್ಲೇ ಕಳೆದುಹೋಗುವುದು ಮಾಮೂಲು. ಟಿಸಿಪಿ ಎಂಬ ರವಾನೆ ವಿಧಾನದಲ್ಲಾದರೆ ಕಳೆದದ್ದು ಮತ್ತೆ ಬರುವ ತನಕ ಅದರ ನಂತರದ್ದೆಲ್ಲ ಕಾಯಬೇಕು. ಅಷ್ಟರಲ್ಲಿ ಎದುರಾಳಿ ಬೇರೆಲ್ಲೋ ಇರುತ್ತಾನೆ. ಆದ್ದರಿಂದ ಆಟ ಕಟ್ಟಿದ ಜಾನ್ ಕಾರ್ಮ್ಯಾಕ್ ಮತ್ತು ಐಡಿ ಸಾಫ್ಟ್‌ವೇರ್ ತಂಡ ನೆಚ್ಚಿಕೊಂಡದ್ದು ಯುಡಿಪಿ ಎಂಬ ಇನ್ನೊಂದು ವಿಧಾನವನ್ನು. ತಲುಪುವ ಭರವಸೆ ಅದರಲ್ಲಿಲ್ಲ, ಕಾಯಿಸುವ ಕಾಟವೂ ಇಲ್ಲ.

ಸರ್ವರ್ ಸಾಮಾನ್ಯವಾಗಿ ಸೆಕೆಂಡಿಗೆ 20 ಸಲ ಆಟದ ಸ್ಥಿತಿಯ ಸ್ನ್ಯಾಪ್‌ಶಾಟ್ ಕಳಿಸುತ್ತದೆ. ಪ್ರತಿ ಆಟಗಾರನಿಗೆ ಕಳಿಸಿದ ಕೊನೆಯ 32 ಸ್ನ್ಯಾಪ್‌ಶಾಟ್‌ಗಳು ಅದರ ನೆನಪಿನಲ್ಲಿರುತ್ತವೆ. ಅವುಗಳಲ್ಲಿ ಯಾವುದು ಮುಟ್ಟಿತೆಂದು ಆಟಗಾರನ ಕಂಪ್ಯೂಟರ್ ಕೊನೆಯದಾಗಿ ತಿಳಿಸಿತೋ, ಅದಕ್ಕೂ ಈಗಿನ ಸ್ಥಿತಿಗೂ ಇರುವ ವ್ಯತ್ಯಾಸವಷ್ಟೇ ಹೊರಡುತ್ತದೆ. ಇಬ್ಬರೂ ಒಪ್ಪಿದ ಬಾಕಿಯಿಂದ ಅಂಗಡಿಯ ಲೆಕ್ಕ ಮುಂದುವರಿಸಿದ ಹಾಗೆ. ನಡುವೆ ಒಂದು ಪ್ಯಾಕೆಟ್ ಕಳೆದರೆ ಅದನ್ನು ಮತ್ತೆ ಕಳಿಸುವ ಗೋಜಿಲ್ಲ. ಮುಂದಿನ ಪ್ಯಾಕೆಟ್ಟೇ ಆ ಕೊರತೆಯನ್ನು ತುಂಬಿಬಿಡುತ್ತದೆ.

ಚಾಟ್‌ನಂಥ ಮಾತುಗಳು ಮಾತ್ರ ಕಳೆಯಬಾರದು. ಮುಟ್ಟಿದ ಸುದ್ದಿ ಬರುವವರೆಗೆ ಅವನ್ನು ಮತ್ತೆ ಮತ್ತೆ ಕಳಿಸುತ್ತಾರೆ. ಇನ್ನು ನಮ್ಮದೇ ಹೆಜ್ಜೆ ತಡವಾಗಿ ಕಾಣದಂತೆ ನಮ್ಮ ಕಂಪ್ಯೂಟರ್ ಅದನ್ನು ಮುಂಚಿತವಾಗಿ ಊಹಿಸಿ ತೋರಿಸುತ್ತದೆ. ಆ ಉಪಾಯ ಇದೇ ಸರಣಿಯ 1996ರ ಕ್ವೇಕ್‌ವರ್ಲ್ಡ್‌ನಿಂದ ಬಂದದ್ದು.

2005ರಲ್ಲಿ ಈ ಆಟದ ಕೋಡ್ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಸಿಕ್ಕಿತು. ನೆಟ್‌ವರ್ಕ್ ಆಟ ಬರೆಯಲು ಹೊರಟವರು ಅದನ್ನೊಮ್ಮೆ ಓದಲೇಬೇಕು. ನಂಬಲಾಗದ ದಾರಿಯ ಮೇಲೆ ನಂಬಬಹುದಾದ ಆಟ ಕಟ್ಟುವುದು ಹೇಗೆಂದು ಇಷ್ಟು ಸರಳವಾಗಿ ಕಲಿಸುವ ಕೋಡ್ ಅಪರೂಪ.