ಒಡನೋದಿದವರು

ಒಂದೇ ಗುರುಕುಲದಲ್ಲಿ ಕಲಿತವರು ಬಹುಕಾಲದ ಮೇಲೆ ಸಂಧಿಸುವ ಪ್ರಸಂಗಗಳಲ್ಲಿ ಎರಡು ಪ್ರಸಿದ್ಧವಾಗಿವೆ: ಮಹಾಭಾರತದ ದ್ರೋಣದ್ರುಪದರದು, ಭಾಗವತ ದಶಮಸ್ಕಂಧದ ಕೃಷ್ಣಕುಚೇಲರದು. ಎರಡರಲ್ಲಿಯೂ ಒಬ್ಬನು ಸಿರಿವಂತನು, ಮತ್ತೊಬ್ಬನು ಬಡ ಬ್ರಾಹ್ಮಣನು. ಫಲವಾದರೋ ಒಂದಕ್ಕೊಂದು ವಿರುದ್ಧ.

ದ್ರುಪದನ ಐಶ್ವರ್ಯಮದವೇ ಅನರ್ಥಕ್ಕೆ ಮೂಲವೆನ್ನುವುದು ವಾಡಿಕೆ. 10ನೆಯ ಶತಮಾನದ ಪಂಪನೂ ವಿಕ್ರಮಾರ್ಜುನವಿಜಯದಲ್ಲಿ ಸಿರಿಯ ಸೊಕ್ಕನ್ನೇ ಎತ್ತಿ ತೋರಿಸಿದ್ದಾನೆ. ಅದು ದಿಟ, ಆದರೆ ಅರ್ಧ ಮಾತ್ರ. ವ್ಯಾಸರ ದ್ರುಪದನು, ಕಾಲವು ಸ್ನೇಹವನ್ನು ಸವೆಸುವುದೆಂದು ನುಡಿದು ಬಾಲ್ಯವನ್ನು ತಳ್ಳಿಹಾಕುತ್ತಾನೆ. ದ್ರೋಣನಿಗೆ ಮಗನ ಹಾಲಿಗೂ ಗತಿಯಿರಲಿಲ್ಲವೆಂಬುದು ನಿಜ. ಆದರೂ ಅವನು ಹುಡುಗತನದ ಮಾತನ್ನು ಸಾಲಪತ್ರದಂತೆ ಕಾಪಾಡಿಕೊಂಡು ಬಂದವನು. ಒಬ್ಬನು ಮರೆತನು, ಇನ್ನೊಬ್ಬನು ಲೆಕ್ಕವಿಟ್ಟನು. ಶಿಷ್ಯರ ಬಲದಿಂದ ಅರ್ಧರಾಜ್ಯವು ಕೈಸೇರಿದರೂ, ದ್ರುಪದನ ಯಜ್ಞಾಗ್ನಿಯಿಂದೆದ್ದ ಧೃಷ್ಟದ್ಯುಮ್ನನ ಕತ್ತಿ ಕಡೆಗೆ ದ್ರೋಣನ ಕೊರಳಿಗೆ ಬಂದಿತು.

ಕುಚೇಲನು ತಂದುದು ಹೆಂಡತಿ ನೆರೆಯಲ್ಲಿ ಬೇಡಿ ತಂದ ಹಿಡಿಯವಲಕ್ಕಿ. ಅವನು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಕೃಷ್ಣನು ಉಪಚರಿಸಿ ನೆನೆದುದು, ಗುರುಗೃಹಕ್ಕೆ ಸೌದೆ ತರಹೋಗಿ ಬಿರುಗಾಳಿಮಳೆಯಲ್ಲಿ ಇಬ್ಬರೂ ಕಾಡಿನಲ್ಲಿ ಕಳೆದ ಇರುಳನ್ನು. ಒಡನೋದಿದವರ ಸಾಧನೆಯನ್ನು ಪದವಿಯಿಂದಲೇ ಅಳೆಯುವ ಲೋಕಕ್ಕೆ ಇದು ಬೇರೊಂದು ಅಳತೆಗೋಲು. ಕೃಷ್ಣನು ದೇವರಾದುದರಿಂದ ಹೀಗಾಯಿತೆಂದು ಕೆಲವರು ಆಕ್ಷೇಪಿಸಬಹುದು. ಜೊತೆಯಲ್ಲಿ ಹೊತ್ತ ಸೌದೆಯ ಹೊರೆಯನ್ನು ನೆನೆಯುವುದಕ್ಕೆ ದೇವತ್ವವು ಬೇಕಿಲ್ಲ.