ಚದುರಂಗದ ಪ್ರೋಗ್ರಾಮಿಗೆ ಭಾಷೆಯ ಆಯ್ಕೆ: ಒಂದು ವಿಮರ್ಶೆ

ಚದುರಂಗವಾಡುವ ಪ್ರೋಗ್ರಾಮನ್ನು ರಚಿಸಹೊರಟ ವಿದ್ಯಾರ್ಥಿಯು ಸಾಮಾನ್ಯವಾಗಿ ಮೊದಲು ಕೇಳುವುದು, ಯಾವ ಭಾಷೆ ಅತ್ಯಂತ ವೇಗದ್ದು ಎಂದು. ಪ್ರಶ್ನೆ ಸಹಜವಾದುದೇ. ಆದರೆ ಅದನ್ನು ಎಲ್ಲಕ್ಕಿಂತ ಮೊದಲು ಕೇಳುವುದು ಸಾಧುವಲ್ಲವೆಂದು ನಮಗೆ ತೋರುತ್ತದೆ.

ವೇಗದ ಬೆಲೆಯೆಷ್ಟೆಂಬುದನ್ನು ನೋಡೋಣ. ಪ್ರತಿಯೊಂದು ಸ್ಥಿತಿಯಲ್ಲಿಯೂ 35 ನಡೆಗಳು ಸಾಧ್ಯವೆಂದಿಟ್ಟುಕೊಂಡರೆ, ನಾಲ್ಕು ನಡೆಗಳ ಆಳದಲ್ಲಿ 15,00,625 ಸ್ಥಿತಿಗಳಾಗುತ್ತವೆ. ಆಲ್ಫಾ-ಬೀಟಾ ವಿಧಾನದಲ್ಲಿ ಉತ್ತಮ ನಡೆಯನ್ನೇ ಎಲ್ಲೆಡೆಯೂ ಮೊದಲು ಪರೀಕ್ಷಿಸುವಂತಾದರೆ, ಕ್ನೂತ್ ಮತ್ತು ಮೂರ್ ಅವರ 1975ರ ವಿಶ್ಲೇಷಣೆಯಂತೆ, ಅವುಗಳಲ್ಲಿ 2,449ನ್ನು ನೋಡಿದರೆ ಸಾಕು, ಉತ್ತರ ಬದಲಾಗದು. ಲಾಭ ಆರುನೂರು ಪಟ್ಟಿಗೂ ಮಿಕ್ಕಿತು. ಯಾವ ಕಂಪೈಲರೂ ಇಷ್ಟನ್ನು ಕೊಡಲಾರದು. ಈ ಆದರ್ಶ ಸಂದರ್ಭದಲ್ಲಿಯೂ ಇನ್ನೊಂದು ನಡೆಯ ಆಳಕ್ಕಿಳಿಯಲು ಸರಾಸರಿ ಆರು ಪಟ್ಟು ದುಡಿಮೆ ಬೇಕು. ವೇಗವನ್ನು ಇಮ್ಮಡಿಸಿದವನಿಗೆ ಅರ್ಧ ನಡೆಯ ಆಳವೂ ದಕ್ಕದು.

ಹಾಗಾದರೆ ಭಾಷೆಯ ವಿಚಾರ ಗೌಣವೇ? ಅಲ್ಲ. ಮಣೆಯಲ್ಲಿ 64 ಮನೆಗಳಿವೆ. ಇಂದಿನ ಪ್ರೊಸೆಸರು ಒಮ್ಮೆಗೇ ನಿರ್ವಹಿಸುವ ಸಂಖ್ಯೆಯೂ 64 ಬಿಟ್‌ಗಳದು. ಬಿಳಿಯ ಕಾಲಾಳುಗಳೆಲ್ಲ ಅಂಥ ಒಂದೇ ಸಂಖ್ಯೆಯಲ್ಲಿ ಅಡಗುತ್ತವೆ. ಅವೆಲ್ಲವನ್ನೂ ಒಂದು ಮನೆ ಮುಂದೊತ್ತುವುದೆಂದರೆ ಆ ಸಂಖ್ಯೆಯನ್ನು ಎಂಟು ಬಿಟ್ ಜರುಗಿಸುವುದಷ್ಟೆ. ಇದನ್ನು ಯಂತ್ರದ ಒಂದೇ ಆದೇಶವಾಗಿ ಇಳಿಸಬಲ್ಲ ಸಿ, ಸಿ++, ರಸ್ಟ್ ಮೊದಲಾದ ಭಾಷೆಗಳು ಈ ಕಾರ್ಯಕ್ಕೆ ಒಪ್ಪುತ್ತವೆ. ಸಾಮಾನ್ಯ ಪೈಥಾನಿನಲ್ಲಾದರೋ ಸಂಖ್ಯೆಯೊಂದು ಸ್ವತಂತ್ರ ವಸ್ತು; ಪ್ರತಿಯೊಂದು ಕ್ರಿಯೆಗೂ ನಡುವಣವನಿಗೆ ಸುಂಕ ತೆರಬೇಕು. ಕ್ರಾಫ್ಟಿ ಸಿಯಲ್ಲಿಯೂ ಸ್ಟಾಕ್‌ಫಿಶ್ ಸಿ++ನಲ್ಲಿಯೂ ರಚಿತವಾದುದು ಆಕಸ್ಮಿಕವಲ್ಲ.

ಕಂಪೈಲರಿನ ವಿಷಯದಲ್ಲಿ ಹೆಸರಿಗಿಂತ ಬಳಸುವ ರೀತಿ ಮುಖ್ಯವಾದುದು. ಪ್ರೋಗ್ರಾಮನ್ನು ಒಮ್ಮೆ ಓಡಿಸಿ, ಯಾವ ಕವಲು ಹೆಚ್ಚು ಬಳಕೆಯಾಯಿತೆಂಬುದನ್ನು ದಾಖಲಿಸಿ, ಅದರ ಆಧಾರದಿಂದ ಮರಳಿ ಯಂತ್ರಭಾಷೆಗಿಳಿಸುವ ಸೌಕರ್ಯ ಜಿಸಿಸಿ, ಕ್ಲ್ಯಾಂಗ್ ಎರಡರಲ್ಲಿಯೂ ಉಂಟು. ಇದನ್ನು ಒಂದಕ್ಕೆ ಸಲ್ಲಿಸಿ ಇನ್ನೊಂದಕ್ಕೆ ನಿರಾಕರಿಸಿ ಮಾಡುವ ಹೋಲಿಕೆ ನ್ಯಾಯವಾದುದಲ್ಲ.

ವೇಗಕ್ಕೂ ಮೊದಲು ಶುದ್ಧಿ ಬೇಕು. ಆರಂಭದ ಸ್ಥಿತಿಯಿಂದ ಐದು ನಡೆಗಳ ಎಣಿಕೆ ಸರಿಯಾಗಿ 48,65,609 ಬರಬೇಕು. ಒಂದು ತಪ್ಪಿದರೂ ನಿಯಮದಲ್ಲೆಲ್ಲೋ ದೋಷವಿದೆಯೆಂದೇ ಅರ್ಥ. ಇನ್ನು ಸೆಕೆಂಡಿಗೆ ಎಷ್ಟು ಸ್ಥಿತಿಗಳೆಂಬ ಅಂಕಿಯೂ ಅಂತಿಮ ಪ್ರಮಾಣವಲ್ಲ. 2020ರಲ್ಲಿ ಸ್ಟಾಕ್‌ಫಿಶ್ ನರಜಾಲದ ಮೌಲ್ಯಮಾಪನವನ್ನು ಸ್ವೀಕರಿಸಿದಾಗ ಆ ಅಂಕಿ ಇಳಿಯಿತು, ಆಟದ ಬಲ ಏರಿತು.

ಆದುದರಿಂದ ಈ ಒಂದು ಅಂಕಿಯಿಂದಲೇ ವಿದ್ಯಾರ್ಥಿಗಳ ಕೃತಿಗಳನ್ನು ತೂಗುವ ಅಧ್ಯಾಪಕರೊಡನೆ ನಾವು ಸಹಮತರಾಗಲಾರೆವು. ಹಾಗೆ ತೂಗಿದಲ್ಲಿ, ಆಲೋಚನೆಯಿಂದ ದುಡಿಮೆಯನ್ನು ಉಳಿಸಿದವನು ಸೋತು, ವ್ಯರ್ಥ ದುಡಿಮೆಯನ್ನು ಬೇಗ ಮುಗಿಸಿದವನು ಗೆಲ್ಲುತ್ತಾನೆ. ಮೊದಲು ವಿಧಾನ, ಬಳಿಕ ದತ್ತಾಂಶದ ರೂಪ, ಅದಕ್ಕೊಪ್ಪುವ ಭಾಷೆ, ಕೊನೆಗೆ ಕಂಪೈಲರು: ಪಾಠಕ್ಕೆ ಈ ಕ್ರಮವೇ ಉಚಿತವೆಂದು ನಮ್ಮ ಅಭಿಪ್ರಾಯ.