ಬೀಗದ ಡಬ್ಬಿ ಮತ್ತು ನಮ್ಮ ಹಾಸ್ಟೆಲುಗಳು

2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ‘ದ ಸೋಶಿಯಲ್ ಡೈಲೆಮಾ’ ಸಾಕ್ಷ್ಯಚಿತ್ರದಲ್ಲಿ ಒಂದು ದೃಶ್ಯವಿದೆ. ಊಟದ ಹೊತ್ತಿಗೆ ತಾಯಿ ಮನೆಯವರ ಮೊಬೈಲ್‌ಗಳನ್ನೆಲ್ಲ ಬೀಗವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ಕಿರಿಯ ಮಗಳು ಡಬ್ಬಿ ಒಡೆದು ತನ್ನ ಫೋನನ್ನು ಎತ್ತಿಕೊಳ್ಳುತ್ತಾಳೆ. ಕಾಲೇಜುಗಳಲ್ಲಿ ‘ಮೊಬೈಲ್ ಗೀಳು’ ಕುರಿತ ಭಾಷಣಗಳನ್ನು ಕೇಳುವಾಗಲೆಲ್ಲ ನಮಗೆ ಈ ಡಬ್ಬಿ ನೆನಪಾಗುತ್ತದೆ.

ಜೆಫ್ ಓರ್ಲೋವ್ಸ್ಕಿ ನಿರ್ದೇಶಿಸಿದ ಈ ಚಿತ್ರ ತಪ್ಪನ್ನೆಲ್ಲ ಬಳಕೆದಾರನ ತಲೆಗೆ ಕಟ್ಟುವುದಿಲ್ಲ. ಗೂಗಲ್‌ನಲ್ಲಿ ದುಡಿದಿದ್ದ ಟ್ರಿಸ್ಟನ್ ಹ್ಯಾರಿಸ್, ಕೊನೆಯೇ ಇಲ್ಲದ ಸ್ಕ್ರೋಲ್ ರೂಪಿಸಿದ ಆಝಾ ರಾಸ್ಕಿನ್ ಮೊದಲಾದವರೇ ಬಂದು ಸಾಕ್ಷಿ ಹೇಳುತ್ತಾರೆ. ಜಾಹೀರಾತುದಾರರಿಗೆ ಮಾರಾಟವಾಗುವುದು ನಮ್ಮ ಗಮನ ಎಂಬ ಮಾತು ಅಲ್ಲಿ ನೇರವಾಗಿ ಬರುತ್ತದೆ. ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ಕೋಣೆಯಲ್ಲಿ ರೀಲ್ಸ್ ನೋಡುತ್ತಿರುವ ಹುಡುಗನಿಗೆ ಮನೋಬಲವಿಲ್ಲ ಎಂದಷ್ಟೇ ಬೈಯುವವರು ಇದನ್ನು ನೋಡಲೇಬೇಕು.

ಆದರೆ ಪರಿಹಾರದ ವಿಷಯಕ್ಕೆ ಬಂದಾಗ ಚಿತ್ರ ಬಡವಾಗುತ್ತದೆ. ನೋಟಿಫಿಕೇಶನ್ ನಿಲ್ಲಿಸಿ, ಆ್ಯಪ್ ತೆಗೆದುಹಾಕಿ ಎಂಬ ಸಲಹೆಗಳು ಕೊನೆಯಲ್ಲಿ ಹೆಸರುಗಳ ಪಟ್ಟಿಯ ಜೊತೆ ಓಡಿಹೋಗುತ್ತವೆ. (ಅಷ್ಟರಲ್ಲಿ ನೆಟ್‌ಫ್ಲಿಕ್ಸ್ ಮುಂದಿನ ಚಿತ್ರವನ್ನು ತೋರಿಸಲು ತುದಿಗಾಲಲ್ಲಿ ನಿಂತಿರುತ್ತದೆ!) ಅದರ ಕಥಾಭಾಗದ ಮಕ್ಕಳು ಹೆತ್ತವರ ಜೊತೆ ಇರುವವರು. ವಿಶ್ವವಿದ್ಯಾಲಯದ ವಿದ್ಯಾರ್ಥಿ ವಯಸ್ಕ. ಅವನ ಫೋನನ್ನು ಡಬ್ಬಿಗೆ ಹಾಕುವವರು ಯಾರು?

ಅಲ್ಲದೆ, ಆ ಫೋನನ್ನು ಕೈಗೆ ಕೊಟ್ಟವರಲ್ಲಿ ನಾವೂ ಇದ್ದೇವೆ. 2020ರ ಲಾಕ್‌ಡೌನ್‌ನಲ್ಲಿ ತರಗತಿಯೇ ಮೊಬೈಲಿಗೆ ಬಂತು. ಲಾಕ್‌ಡೌನ್ ಮುಗಿದರೂ ತರಗತಿಯ ಅರ್ಧ ಭಾಗ ಅಲ್ಲೇ ಉಳಿಯಿತು. ಕರ್ನಾಟಕದಲ್ಲಿ ಪ್ರವೇಶ, ಪರೀಕ್ಷಾ ಅರ್ಜಿ ಯುಯುಸಿಎಂಎಸ್ ಜಾಲತಾಣದಲ್ಲಿ. ವಿದ್ಯಾರ್ಥಿವೇತನದ ಅರ್ಜಿ ಆನ್‌ಲೈನ್. ನೋಟ್ಸ್, ವೇಳಾಪಟ್ಟಿ ವಾಟ್ಸ್ಯಾಪ್ ಗುಂಪಿನಲ್ಲಿ. ಸಂಜೆ ಐದಕ್ಕೇ ಗ್ರಂಥಾಲಯಕ್ಕೆ ಬೀಗ ಹಾಕಿ, ರಾತ್ರಿ ಹತ್ತಕ್ಕೆ ಪಿಡಿಎಫ್ ಕಳಿಸುವ ಕಾಲೇಜು ಮರುದಿನ ಗೀಳಿನ ಬಗ್ಗೆ ಉಪನ್ಯಾಸ ಏರ್ಪಡಿಸುವುದು ವಿಪರ್ಯಾಸವೆನ್ನದೆ ವಿಧಿಯಿಲ್ಲ.

ಇನ್ನೊಂದು ಮಾತನ್ನು ನಮ್ಮವರೊಡನೆಯೇ ಆಡಬೇಕಾಗಿದೆ. ಈ ಚರ್ಚೆ ಮನೆಗೆ ಬಂದಾಗ ಮೊದಲು ಫೋನ್ ಕಳೆದುಕೊಳ್ಳುವವಳು ಮಗಳು. ನಡುರಾತ್ರಿವರೆಗೆ ಗೇಮ್ ಆಡುವ ಮಗನನ್ನು ಕೇಳುವವರಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಸೇರಿದ ಆ ಹುಡುಗಿಗೆ ಫೋನ್ ಹೋದರೆ ಪರೀಕ್ಷಾ ಶುಲ್ಕದ ಕೊನೆಯ ದಿನಾಂಕವೂ ತಿಳಿಯದು. ಇದನ್ನು ಶಿಸ್ತು ಎನ್ನಲು ನಮಗೆ ಮನಸ್ಸಾಗದು.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟವರು ಅದನ್ನು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಬುದ್ಧಿಪರೀಕ್ಷೆಗಳಲ್ಲಿ ಮುಂದಿದ್ದರು. ಫೋನ್ ಸದ್ದು ಮಾಡದಿದ್ದರೂ ಅಷ್ಟೇ. ಅನಂತರ ನಡೆದ ಪ್ರಯೋಗಗಳಲ್ಲಿ ಇದೇ ಫಲ ಎಲ್ಲೆಡೆ ಬರಲಿಲ್ಲ, ನಿಜ. ಹಾಗಿದ್ದರೂ ಬೇರೆ ಕೋಣೆಯೊಂದನ್ನು ಒದಗಿಸುವುದು ಕಾಲೇಜಿನ ಕೈಯಲ್ಲೇ ಇದೆ. ರಾತ್ರಿಯೂ ತೆರೆದಿರುವ ವಾಚನಾಲಯ, ಅದರ ಬಾಗಿಲಲ್ಲಿ ಫೋನಿಡಲು ಪುಟ್ಟ ಗೂಡುಗಳು, ಎಲ್ಲ ಪ್ರಕಟಣೆಗಳೂ ಗೋಡೆಯ ಮೇಲೂ ಸಿಗುವ ವ್ಯವಸ್ಥೆ ಸಾಕು.

ರಮಝಾನಿನ ಕೊನೆಯ ಹತ್ತು ದಿನ ಇಅ್‌ತಿಕಾಫ್ ಕುಳಿತ ಕಾಲೇಜು ಹುಡುಗರನ್ನು ನೋಡಿದ್ದೇವೆ. ಮೂಲೆಯಲ್ಲಿ ಪರದೆ ಬೆಳಗಿಸುವವರು ಅಲ್ಲೂ ಇರುತ್ತಾರೆ, ಅಡಗಿಸುವುದೇಕೆ? ಆದರೆ ಹೆಚ್ಚಿನವರು ಯಾರ ಬಲವಂತವೂ ಇಲ್ಲದೆ ಫೋನನ್ನು ಚೀಲದಲ್ಲಿಡುತ್ತಾರೆ. ಏಕೆಂದರೆ ಪಕ್ಕದವನೂ ಇಟ್ಟಿದ್ದಾನೆ, ಮಾಡಲು ಬೇರೆ ಕೆಲಸವಿದೆ, ಮಾತನಾಡಲು ಜನರಿದ್ದಾರೆ.